ಮೂಕಿ ಚಿತ್ರಕ್ಕೆ ಕೊಟ್ಟ ಮಾತು

ಪಾಂಡವಪುರ
18 ನವೆಂಬರ್ 2024

ಪ್ರೀತಿಯ ಅವ್ವನಿಗೆ,

ಫೋನಿನಲ್ಲಿ ಹೇಳಿದರೆ ನೀನು ಅರ್ಧಕ್ಕೇ ಇಟ್ಟುಬಿಡುತ್ತೀಯ. ಅದಕ್ಕೇ ಈ ಕಾಗದ. ಪೂರ್ತಿ ಓದಿ ಆಮೇಲೆ ಬೈಯಿ.

ಶನಿವಾರ ಸಂಜೆ ನಮ್ಮ ಶಾಲೆಯಲ್ಲಿ ನೂರು ವರ್ಷದ ಹಿಂದಿನ ಒಂದು ಮೂಕಿ ಚಿತ್ರ ತೋರಿಸಿದೆವು. ಟೋಪಿ ಅಂಗಡಿಯ ಗುಮಾಸ್ತನೊಬ್ಬ ತಾನು ಸಾಹುಕಾರನೆಂದು ಸುಳ್ಳು ಹೇಳಿ ಹುಡುಗಿಯ ಹಿಂದೆ ಬೀಳುವ ತಮಾಷೆಯ ಕಥೆ. ಮಧ್ಯೆ ಮಧ್ಯೆ ಇಂಗ್ಲಿಷಿನಲ್ಲಿ ಬರೆದ ಮಾತು ಬರುತ್ತದೆ. ಅದನ್ನು ನಾನು ಕನ್ನಡ ಮಾಡಿದ್ದೆ. ಹುಡುಗಿಯ ಮಾತು ನಾನು ಓದುವುದು, ಹುಡುಗನದು ಡ್ರಾಯಿಂಗ್ ಮೇಷ್ಟ್ರು ಶ್ರೀನಿವಾಸ ಅವರು ಎಂದಾಗಿತ್ತು. ಅವರ ಗಂಟಲು ಕಟ್ಟಿತು. ಪರದೆಗೆ ಚೌಕಟ್ಟು ಹಾಕಲು ಬಂದಿದ್ದ ಹೇಮಂತ್ ಕೈಗೆ ಹಾಳೆ ಕೊಟ್ಟೆವು. ಕಿರಂಗೂರಿನ ಬಡಗಿ ಮನೆಯವರು, ನಮ್ಮ ಶಾಲೆಯ ಬೆಂಚುಗಳನ್ನು ಮಾಡಿದವರು.

ಕೊನೆಯಲ್ಲಿ ಗುಮಾಸ್ತ ತನ್ನ ಸುಳ್ಳು ಒಪ್ಪಿಕೊಳ್ಳಬೇಕು. ಹೇಮಂತ್ ಹಾಳೆ ಮಡಚಿಟ್ಟರು.

"ನಾನು ಸಾವ್ಕಾರ ಅಲ್ಲ, ಮರದ ಕೆಲ್ಸದವ್ನು. ಎರಡು ವರ್ಸದಿಂದ ಕೇಳೋಕೆ ಧೈರ್ಯ ಬಂದಿರ್ನಿಲ್ಲ. ನನ್ನ ಮದ್ವೆ ಆಯ್ತೀರಾ ಟೀಚರಮ್ಮ?"

ಮುಂದಿನ ಸಾಲಿನಲ್ಲಿದ್ದ ನಮ್ಮ ಶಾಲೆಯ ಅಡುಗೆಯ ದೊಡ್ಡತಾಯಮ್ಮ, ಟೋಪಿ ಮಾರೋನು ಮರದ ಕೆಲಸಕ್ಕೆ ಯಾವಾಗ ಸೇರಿದ ಎಂದು ಪಕ್ಕದವರನ್ನು ಕೇಳಿದಳು. ಜನ ನಕ್ಕರು. ನನಗೆ ನಗು ಬರಲಿಲ್ಲ. ಪರದೆಯ ಮೇಲೆ ಹುಡುಗಿ ಸಿಟ್ಟಿನಿಂದ ಬಾಗಿಲು ಹಾಕಿಕೊಳ್ಳುತ್ತಿದ್ದಳು. ನಾನು ಓದಬೇಕಾಗಿದ್ದದ್ದು 'ಇನ್ನು ನನ್ನ ಕಣ್ಣಿಗೆ ಬೀಳಬೇಡ' ಎಂದು. ಅದನ್ನೇ ಓದಿದ್ದರೆ ಆ ಮನುಷ್ಯ ನಿಜವೆಂದುಕೊಂಡು ಎದ್ದು ಹೋಗುತ್ತಿದ್ದರು. ಅಂಥ ಸ್ವಭಾವ ಅವರದು. ಎಲ್ಲರೂ ಕಾಯುತ್ತಿದ್ದರು. ಬಾಯಿಗೆ ಬಂದದ್ದು ಹೇಳಿದೆ.

"ನಂಗೆ ಒಪ್ಗೆ. ನಮ್ಮವ್ವನ್ನ ಒಪ್ಸಿ."

ಬಾಗಿಲು ಹಾಕಿಕೊಂಡವಳು ಹೀಗೇಕೆ ಅಂದಳು ಎಂದು ಯಾರೂ ಕೇಳಲಿಲ್ಲ.

ಅವರು ನಮ್ಮ ಜನವಲ್ಲ, ಗೊತ್ತು. ನಾಲ್ಕು ಜನ ಏನಂದಾರು ಎಂದು ನೀನು ಕೇಳುವುದೂ ಗೊತ್ತು. ನನಗೆ ಇಪ್ಪತ್ತೊಂಬತ್ತಾಯಿತು ಅವ್ವ. ಇಷ್ಟು ಖಚಿತವಾಗಿ ಇದುವರೆಗೆ ಏನನ್ನೂ ಕೇಳಿಲ್ಲ. ಈ ಭಾನುವಾರ ನಾಗಮಂಗಲದವರಿಗೆ ಹೆಣ್ಣು ನೋಡಲು ಬರಬೇಡಿ ಎಂದು ಹೇಳಿಬಿಡು. ಅವತ್ತು ಹೇಮಂತ್ ಹೊಸಹೊಳಲಿಗೆ, ನಮ್ಮ ಮನೆಗೆ ಬರುತ್ತಾರೆ. ಬೇಡವೆನ್ನುವುದಾದರೆ ಅವರ ಮುಖ ನೋಡಿ ಅನ್ನು.

ನಿನ್ನ ಮಗಳು,
ಮೇಘನ

ಮರೆತ ಮಾತು: ಶನಿವಾರ ಗೊಬ್ಬರ ತರಲು ಹೋಗಿದ್ದೆ ಎಂದು ಅಪ್ಪ ಹೇಳಿದ್ದರೆ ಬೈಯಬೇಡ. ಚಿತ್ರಕ್ಕೆ ಬಂದು ಹಿಂದಿನ ಸಾಲಿನಲ್ಲಿ ಕೂತಿದ್ದರು. ನನ್ನ ಉತ್ತರ ಕೇಳಿ ಎಲ್ಲರಿಗಿಂತ ಮೊದಲು ಚಪ್ಪಾಳೆ ತಟ್ಟಿದವರು ಅವರೇ. ನಿನಗೆ ಹೇಳಲು ಅವರಿಗೆ ಹೆದರಿಕೆಯಂತೆ. ನೀನೇ ಬರೆದುಬಿಡು ಮಗ ಎಂದರು.