ಐದೂಕಾಲು ಕಿಲೋದ ತುಳಜವ್ವ

ಗಾಳಿಯೂರು, ಕಪ್ಪತಗುಡ್ಡ
ಫೆಬ್ರವರಿ ಮೂವತ್ತು, ೨೨೪೧

ನನಗಿಂತ ಇನ್ನೂರು ವರ್ಷ ಮೊದಲು ಬಸುರಾದ, ಹಡೆದ, ಬಸುರಿಯರಿಗೆ ಉಣಬಡಿಸಿದ ಎಲ್ಲ ತಾಯಂದಿರಿಗೆ ಸೂಲಗಿತ್ತಿ ಸಂಗವ್ವನ ನಮಸ್ಕಾರಗಳು.

ಫೆಬ್ರವರಿಗೆ ಮೂವತ್ತನೇ ದಿನ ಎಲ್ಲಿಂದ ಬಂತು ಎಂದು ನಗಬೇಡಿ. ಮೇ ತಿಂಗಳ ಬಿಸಿಲು ತಡೆಯಲಾಗದೆ ನಮ್ಮ ಹಿರಿಯರು ಅದರಿಂದ ಎರಡು ದಿನ ಕಿತ್ತು ಇಲ್ಲಿಗೆ ಅಂಟಿಸಿದರು. ಬಿಸಿಲೇನೂ ಕಡಿಮೆಯಾಗಲಿಲ್ಲ, ಆ ಮಾತು ಬೇರೆ. ನನ್ನ ಕೆಲವು ಪದಗಳು ನಿಮಗೆ ವಿಚಿತ್ರ ಎನಿಸಬಹುದು, ಅದಕ್ಕೆ ಕ್ಷಮೆ ಇರಲಿ. ಈ ಕಾಗದದಲ್ಲಿರುವ ಅಸಹ್ಯಕ್ಕೆ ಮಾತ್ರ ನಾನು ಕ್ಷಮೆ ಕೇಳುವುದಿಲ್ಲ.

ನಾವು ನೆರಳುಬೀದಿಯ ಜನ. ಬಿಸಿಲು ತಾಗದಂತೆ ಉದ್ದಕ್ಕೂ ಸೂರು ಹೊದಿಸಿದ ಓಣಿಗೆ ಆ ಹೆಸರು. ಬೆಳಿಗ್ಗೆ ಒಂಬತ್ತಕ್ಕೆ ಹಾಕಿದ ಬಾಗಿಲನ್ನು ಸಂಜೆ ಐದರ ಮೇಲೆಯೇ ತೆಗೆಯುತ್ತೇವೆ. ನಡೆದಾಟ ಎಂದರೆ ಪಡಸಾಲೆಯಿಂದ ಒಲೆಯವರೆಗೆ. ಉಣ್ಣುವುದು ಸಿಹಿಗಾಳು, ಅಂದರೆ ಹನಿ ನೀರಿಗೂ ಬೆಳೆಯುವಂತೆ ತಿದ್ದಿದ ಜೋಳ. ಕಬ್ಬಿನಷ್ಟೇ ಸಿಹಿ. ರೊಟ್ಟಿ ಅದರದ್ದು, ಗಂಜಿ ಅದರದ್ದು, ಬೆಲ್ಲವೂ ಅದರ ದಂಟಿನದ್ದೇ. ಹಾಳಾದವರು ಖಾರದ ಚಟ್ನಿಗೂ ಅದನ್ನೇ ಬೆರೆಸುತ್ತಾರೆ. ಈ ಕಾಳು ಬರುವ ಮೊದಲು ಮೂವತ್ತು ವರ್ಷ ಬರವಿತ್ತಂತೆ. ಅಂಗೈಯಗಲದ ಕೂಸುಗಳು ಹುಟ್ಟಿ ವಾರದೊಳಗೆ ಮಣ್ಣು ಸೇರುತ್ತಿದ್ದವಂತೆ. ಕಾಳು ಬಂದ ಮೇಲೆ ಒಂದು ಕೂಸು ಮೂರು ಕಿಲೋ ತೂಗಿದಾಗ ಊರೇ ಕುಣಿಯಿತು. ಕುಣಿಯಲಿ, ತಪ್ಪಿಲ್ಲ. ಆದರೆ ಬರ ಹೋದರೂ ಕುಣಿತ ನಿಲ್ಲಲಿಲ್ಲ.

ಅದೇ ಈಗ ಮಡಿಲುತಕ್ಕಡಿ ಎಂಬ ಶಾಸ್ತ್ರವಾಗಿದೆ. ಏಳನೇ ತಿಂಗಳಿಂದ ಪ್ರತಿ ಸೋಮವಾರ ಬಸುರಿಯನ್ನು ಓಣಿಯ ಮಧ್ಯದ ದೊಡ್ಡ ತಕ್ಕಡಿಯಲ್ಲಿ ಕೂರಿಸುತ್ತಾರೆ. ಹೋದ ವಾರಕ್ಕಿಂತ ಎಷ್ಟು ಭಾರ ಹೆಚ್ಚಿದ್ದಾಳೋ ಅಷ್ಟು ಬೆಲ್ಲ ಎದುರಿನ ತಟ್ಟೆಗೆ ಬೀಳಬೇಕು. ಹೆಚ್ಚದಿದ್ದರೆ ಅತ್ತೆಗೆ ಅವಮಾನ. ಮುಂದಿನ ಸೋಮವಾರದ ತನಕ ಸೊಸೆಯ ಬಾಯಿಗೆ ಉಂಡೆ ತುರುಕುವುದೇ ಕೆಲಸ. ಹಡೆದ ಮೇಲೆ ಕೂಸನ್ನೂ ಅಲ್ಲೇ ತೂಗಿ ತೂಕವನ್ನು ಕಲ್ಲಿನ ಮೇಲೆ ಕೆತ್ತುತ್ತಾರೆ. ತಟ್ಟೆಯ ಬೆಲ್ಲ ಯಾರಿಗೆ ಗೊತ್ತೇ? ಸೂಲಗಿತ್ತಿಗೆ. ಅಂದರೆ ನನಗೆ.

ಆರು ವರ್ಷದ ಹಿಂದೆ ನಮ್ಮ ಓಣಿಯ ನೀಲಗಂಗವ್ವನ ಸೊಸೆ ಮಾಯವ್ವ ಬಸುರಾದಳು. ಎಂಟನೇ ತಿಂಗಳಲ್ಲೇ ಅವಳ ಹೊಟ್ಟೆ ದಿನ ತುಂಬಿದವಳ ಹೊಟ್ಟೆಯಂತಿತ್ತು. ಎಷ್ಟು ನೀರು ಕುಡಿದರೂ ದಾಹ, ಗಳಿಗೆಗೊಮ್ಮೆ ಬಚ್ಚಲಿಗೆ ಓಟ. ರಕ್ತದಲ್ಲಿ ಸಕ್ಕರೆ ಏರಿದರೆ ಅದು ತಾಯಿಯಿಂದ ಕೂಸಿಗೂ ಹರಿದು, ಕೂಸಿನ ಹೆಗಲು ಹೊಟ್ಟೆಗಳಲ್ಲಿ ಕೊಬ್ಬು ಕೂರುತ್ತದೆ ಎಂಬುದು ನನಗೆ ಚೆನ್ನಾಗಿ ಗೊತ್ತಿತ್ತು. ಬೆರಳು ಚುಚ್ಚಿ ಒಂದು ಹನಿ ನೋಡೋಣ ಎಂದೆ. ನೀಲಗಂಗವ್ವ ಸೊಸೆಯ ಕೈಯನ್ನು ಸೆರಗಿನಲ್ಲಿ ಮುಚ್ಚಿದಳು.

"ರಕ್ತಾ ತಗದು ದೃಷ್ಟಿ ಹಚ್ಚಬ್ಯಾಡ ಸಂಗವ್ವಾ. ತಕ್ಕಡೀನ ಹೇಳತೈತಲ್ಲ, ಕೂಸು ಚಲೋ ಐತಿ ಅಂತ."

ನಾನು ಜಗಳ ಮಾಡಬೇಕಿತ್ತು. ಗದಗಿನ ಆಸ್ಪತ್ರೆಗೆ ಎಳೆದುಕೊಂಡು ಹೋಗಬೇಕಿತ್ತು. ಆ ಸೋಮವಾರದ ಬೆಲ್ಲ ಆಗಲೇ ನನ್ನ ಅಡುಗೆಮನೆಯಲ್ಲಿತ್ತು. ಮನೆಗೆ ಹೋಗಿ ಹೋಳಿಗೆ ಮಾಡಿಕೊಂಡು ತಿಂದೆ. ಥೂ, ನನ್ನ ಬಾಳಿಗಿಷ್ಟು.

ಹೆರಿಗೆಯ ದಿನ ಬೆಳಿಗ್ಗೆ ತಲೆ ಹೊರಗೆ ಬಂತು. ಬಂದದ್ದು ಆಮೆಯ ತಲೆಯಂತೆ ಹಿಂದಕ್ಕೆ ಸರಿದು ಬಿಗಿಯಾಗಿ ಕೂತಿತು. ಹೆಗಲು ತಾಯಿಯ ಮುಂದಿನ ಎಲುಬಿಗೆ ಸಿಕ್ಕಿಕೊಂಡಿತ್ತು. ನೀಲಗಂಗವ್ವ ಮೇಲಿನಿಂದ ಹೊಟ್ಟೆ ಒತ್ತಲು ಬಂದಳು. ಹಾಗೆ ಒತ್ತಿದರೆ ಹೆಗಲು ಇನ್ನಷ್ಟು ಬಿಗಿಯುತ್ತದೆ. ಅವಳನ್ನು ನೂಕಿದೆ. ಇಬ್ಬರು ಹೆಂಗಸರು ಮಾಯವ್ವನ ಮೊಣಕಾಲುಗಳನ್ನು ಎದೆಯ ಕಡೆಗೆ ಮಡಚಿ ಹಿಡಿದರು, ಇನ್ನೊಬ್ಬಳು ಆ ಎಲುಬಿನ ತುಸು ಮೇಲ್ಗಡೆ ಅಂಗೈ ಊರಿ ಕೂಸಿನ ಹೆಗಲನ್ನು ಒತ್ತಿದಳು. ನಾನು ಕೈ ಹಾಕಿ ತಾಯಿಯ ಬೆನ್ನ ಕಡೆಗಿದ್ದ ಕೂಸಿನ ತೋಳು ಹುಡುಕಿದೆ. ನಾಲ್ಕು ನಿಮಿಷ. ಮುಖ ನೇರಳೆ ಬಣ್ಣಕ್ಕೆ ತಿರುಗುವುದನ್ನು ನೋಡುತ್ತಾ ಎಣಿಸಿದ ನಾಲ್ಕು ನಿಮಿಷ. ಕೊನೆಗೆ ಆ ತೋಳು ಸಿಕ್ಕಿತು, ಕೂಸು ಬಂತು, ಅತ್ತಿತು. ಎಡಗೈ ಒದರಿತು. ಬಲಗೈ ಒದ್ದೆ ಬಟ್ಟೆಯಂತೆ ನೇತಾಡಿತು.

ಮಾಯವ್ವನ ಮೈ ಮಲದ್ವಾರದವರೆಗೆ ಹರಿದಿತ್ತು. ಅತಿಯಾಗಿ ಹಿಗ್ಗಿದ ಗರ್ಭಕೋಶ ಮುದುಡದೆ ನೆತ್ತರು ಧಾರೆಯಾಗಿ ಹೋಗುತ್ತಿತ್ತು. ನಾನು ಅವಳ ಹೊಟ್ಟೆ ತಿಕ್ಕುತ್ತಾ ಕೂತಿರುವಾಗ ನೀಲಗಂಗವ್ವನ ಮನೆಯವರು ಕೂಸನ್ನು ಎತ್ತಿಕೊಂಡು ಹೊರಟೇಬಿಟ್ಟರು. ಎಲ್ಲಿಗೆ? ತಕ್ಕಡಿಗೆ! ಮೊದಲು ಎದೆಗೆ ಹಾಕಿ ಎಂದು ಕೂಗಿದೆ. ಓಣಿಯಲ್ಲಿ ಬಾರಿಸುತ್ತಿದ್ದ ಹಲಗೆಯ ಸದ್ದಿನಲ್ಲಿ ಯಾರಿಗೆ ಕೇಳಬೇಕು? ತಾಯಿಯ ಸಕ್ಕರೆಗೆ ಒಗ್ಗಿದ ಕೂಸಿಗೆ ಹೊಕ್ಕಳಬಳ್ಳಿ ಕತ್ತರಿಸಿದ ಮೇಲೆ ಸಕ್ಕರೆ ಸರ್ರನೆ ಇಳಿಯುತ್ತದೆ. ಒಂದು ತಾಸು ತಕ್ಕಡಿಯ ತಟ್ಟೆಯಲ್ಲಿ ಹೂವಿನ ನಡುವೆ ಮಲಗಿಸಿದರು. ಐದೂಕಾಲು ಕಿಲೋ. ಕೂಸಿನ ಮೈ ನಡುಗತೊಡಗಿತು. ಆಗ ಯಾರೋ ಕೂಗಿ ಅಂದದ್ದು ಒಳಗಿದ್ದ ನನ್ನ ಕಿವಿಗೂ ಬಿತ್ತು:

"ನೋಡ್ರಿ, ಕೂಸು ಹಲಗಿ ಬಡತಕ್ಕ ಕುಣಿಯಾಕತ್ತೈತಿ."

ಹೇಸಿಗೆ ಎಂಬ ಮಾತಿಗೆ ಅರ್ಥ ನನಗೆ ಅವತ್ತು ತಿಳಿಯಿತು. ಇಬ್ಬರನ್ನೂ ಒಂದೇ ಹಾರುಬಂಡಿಯಲ್ಲಿ, ನಮ್ಮ ಕಾಲದ ಆಂಬುಲೆನ್ಸ್‌ನಲ್ಲಿ, ಗದಗಕ್ಕೆ ಸಾಗಿಸಿದೆವು. ಇಬ್ಬರೂ ಉಳಿದರು. ಮಾಯವ್ವನ ಗರ್ಭಕೋಶ ಉಳಿಯಲಿಲ್ಲ. ಇವತ್ತಿಗೂ ಕೆಮ್ಮಿದರೆ ಅವಳ ಸೀರೆ ಒದ್ದೆಯಾಗುತ್ತದೆ, ಸೋಮವಾರ ಅವಳು ಹೊರಗೆ ಬರುವುದಿಲ್ಲ.

ತಾಯಂದಿರೇ, ನಿಮ್ಮನ್ನೂ ನಾನು ಬಲ್ಲೆ. ಇಬ್ಬರ ಊಟ ಉಣ್ಣಬೇಕು ಎಂದು ಒತ್ತಾಯ ಮಾಡುವವರು ನೀವು, ಕೂಸು ಹುಟ್ಟಿದ ಸುದ್ದಿ ಬಂದೊಡನೆ ತೂಕ ಎಷ್ಟು ಎಂದು ಕೇಳುವವರು ನೀವು. ದೊಡ್ಡ ಕೂಸುಗಳೆಲ್ಲ ಕುತ್ತು ತರುವುದಿಲ್ಲ, ಎಷ್ಟೋ ಸುಖವಾಗಿ ಹುಟ್ಟಿವೆ. ಆದರೆ ಯಾವುದು ಹೇಗೆ ಎಂದು ತಕ್ಕಡಿ ಹೇಳುವುದಿಲ್ಲ. ಬೆರಳಿನ ಹನಿಯನ್ನು ಬಚ್ಚಿಡಬೇಡಿ. ಹೊಟ್ಟೆ ತಿಂಗಳಿನ ಲೆಕ್ಕ ಮೀರಿ ಬೆಳೆದರೆ ದೊಡ್ಡಾಸ್ಪತ್ರೆಗೆ ಹೋಗಿ. ಸುದ್ದಿ ಬಂದಾಗ ಮೊದಲು ತಾಯಿ ಹೇಗಿದ್ದಾಳೆ ಎಂದು ಕೇಳಿ.

ನಾನು ಬೆಲ್ಲ ಮುಟ್ಟಿ ಆರು ವರ್ಷವಾಯಿತು. ಈಗ ಹನಿ ಕೊಡದ ಮನೆಯ ಹೊಸಿಲು ಬಿಟ್ಟು ಏಳುವುದಿಲ್ಲ, ಬೈಸಿಕೊಳ್ಳುತ್ತೇನೆ. ಇದನ್ನು ಬರೆಯುತ್ತಿರುವಾಗಲೇ ಆ ಕೂಸು, ತುಳಜವ್ವ, ಬಂದು ನನ್ನ ಪಕ್ಕ ಕೂತಿದ್ದಾಳೆ. ತುಲಾ ಎಂದರೆ ತಕ್ಕಡಿ, ಅದರ ನೆನಪಿಗೆ ಇಟ್ಟ ಹೆಸರದು. ಎಡಗೈಯಿಂದ ಬಲಗೈ ಎತ್ತಿ ತೊಡೆಯ ಮೇಲೆ ಇಟ್ಟುಕೊಂಡಳು. ಕಲ್ಲಿನ ಮೇಲೆ ಇವತ್ತಿಗೂ ಅವಳದೇ ದೊಡ್ಡ ಸಂಖ್ಯೆ, ಅವಳಿಗೆ ಅದೇ ಹೆಮ್ಮೆ.

"ಆಯೀ, ನನಗಿಂತ ಭಾರದ ಕೂಸು ಯಾರೂ ಹಡಿಬಾರದು ನೋಡು," ಎಂದಳು.

ಹಡೆಯದ ಹಾಗೆ ನೋಡಿಕೊಳ್ಳುತ್ತೇನೆ ಎಂದು ಮಾತು ಕೊಟ್ಟಿದ್ದೇನೆ.

ಸೂಲಗಿತ್ತಿ ಸಂಗವ್ವ