ಹಿಮ್ಮೆಟ್ಟುವ ದೃಶ್ಯಕ್ಕೆ ಸಂಗೀತ

ಗುರುವಾರ, ಬೆಳಿಗ್ಗೆ

ಪ್ರೀತಿಯ ದೊಡ್ಡಕ್ಕ,

ನನ್ನ ಅಕ್ಷರ ಕಂಡ ಕೂಡಲೇ ಹರಿದು ಹಾಕಬೇಡ. ಯುದ್ಧದ ಆಟಗಳಿಗೆ ಸಂಗೀತ ಆರಿಸುವ ಕೆಲಸಕ್ಕೆ ನಾನು ಸೇರಿದಾಗ, "ನನ್ನ ಗಂಡನ್ನ ನುಂಗಿದ ಯುದ್ಧಕ್ಕೆ ನೀನು ತಾಳ ಹಾಕ್ತೀಯಾ?" ಎಂದು ಕೇಳಿ ನೀನು ಮಾತು ಬಿಟ್ಟೆ. ಆ ಜಗಳ ಕೆದಕಲು ಬರೆಯುತ್ತಿಲ್ಲ. ತಮ್ಮನ ವಿಷಯ. ಪೂರ್ತಿ ಓದು.

ನಮ್ಮ ಆಫೀಸು ಟೈರ್ ಅಂಗಡಿಯ ಮಹಡಿಯ ಮೇಲಿದೆ. ಹಿಂದಿನ ಕೋಣೆಗೆ ಕಿಟಕಿಯಿಲ್ಲ, ಗೋಡೆಗೆಲ್ಲ ದಪ್ಪ ಸ್ಪಂಜು. ಅಲ್ಲಿ ಕೂತು ನಾನು ಹಳೆಯ ಆರ್ಕೆಸ್ಟ್ರಾ ಸಂಗೀತವನ್ನು ಕೇಳಿ ಕೇಳಿ ಕಂಪ್ಯೂಟರ್ ಆಟದ ದೃಶ್ಯಗಳಿಗೆ ಹೊಂದಿಸುತ್ತೇನೆ. ಟ್ಯಾಂಕುಗಳು ಹೊರಟರೆ ಕಹಳೆ, ಕೋಟೆ ಬಿದ್ದರೆ ದೊಡ್ಡ ಮೇಳದ ಹಾಡುಗಾರಿಕೆ. ಉಳಿದಿದ್ದದ್ದು ಒಂದೇ ದೃಶ್ಯ: ಸೋತ ಸೈನ್ಯ ಸೇತುವೆ ದಾಟಿ ವಾಪಸ್ಸು ಬರುವುದು. ನಮ್ಮ ಮಾಲೀಕನಿಗೆ ಎಲ್ಲವೂ ಗುಡುಗಬೇಕು. "ಆಡೋರ ಎದೆ ಢವಢವ ಅನ್ನಬೇಕಮ್ಮಾ" ಎನ್ನುತ್ತಲೇ ಇರುತ್ತಾನೆ. ನಾನೂ ಗುಡುಗನ್ನೇ ಹಾಕಿದ್ದೆ.

ತಮ್ಮ ಕಳೆದ ವಾರ ಮನೆಗೆ ಬರದೆ ನೇರ ಆಫೀಸಿಗೇ ಬಂದ. ಗಡ್ಡ ಬಂದಿತ್ತು, ಯಾರದೋ ದೊಗಲೆ ಕೋಟು ಮೈಮೇಲೆ. ರಜೆ ಎಂದ. ಸೈನ್ಯದ ಬ್ಯಾಂಡಿನಲ್ಲಿ ಡ್ರಮ್ ಬಾರಿಸುತ್ತಿದ್ದವರ ಕೈಗೆ ಯುದ್ಧ ಶುರುವಾದ ಮೇಲೆ ಸ್ಟ್ರೆಚರ್ ಕೊಟ್ಟಿದ್ದಾರೆಂದು ನಿನಗೂ ಗೊತ್ತಲ್ಲ. ನಾನು ಹೆಚ್ಚು ಕೇಳಲಿಲ್ಲ. ಹಿಂದಿನ ಕೋಣೆಯಲ್ಲಿ ಕೂರಿಸಿ ಸೇತುವೆಯ ದೃಶ್ಯ ತೋರಿಸಿದೆ. ಕೊನೆಯವರೆಗೂ ನೋಡಿ, "ಚಿಕ್ಕಕ್ಕ, ವಾಪಸ್ ಬರೋವಾಗ ಯಾರೂ ತಾಳಕ್ಕೆ ಹೆಜ್ಜೆ ಹಾಕಲ್ಲ" ಎಂದ.

ಆಮೇಲೆ ಅವನೇ ಹುಡುಕಿದ. ಸಂಜೆಯ ಹೊತ್ತಿಗೆ ಒಂದು ಸಿಕ್ಕಿತು. ಬರೀ ತಗ್ಗು ದನಿಯ ತಂತಿವಾದ್ಯಗಳು. ಕಾಲೆಳೆದುಕೊಂಡು ಬಂದು, ನಡುವೆ ಉಸಿರು ಸಿಕ್ಕಿಹಾಕಿಕೊಂಡಂತೆ ನಿಂತು, ಮತ್ತೆ ಹೊರಡುವ ಸಂಗೀತ. ದೃಶ್ಯದ ಕೆಳಗೆ ಇಟ್ಟೆ. ಅದೇ ಗೊಂಬೆ ಸೈನಿಕರು, ಅಕ್ಕ. ಆದರೆ ಒಬ್ಬೊಬ್ಬನೂ ಯಾರದೋ ಮನೆಯವನಂತೆ ಕಂಡ. ಆಟವನ್ನು ಆಡಿ ಪರೀಕ್ಷಿಸುವ ನಮ್ಮ ಆಫೀಸಿನ ಹುಡುಗಿಯರು, ದಿನವೂ ಹಿಂದುಳಿದವರನ್ನು ಹೊಡೆದುರುಳಿಸಿ ನಗುವವರು, ಅವತ್ತು ಕೀಲಿ ಒತ್ತಲಿಲ್ಲ.

ಎಲ್ಲರೂ ಹೋದ ಮೇಲೆ ಪರದೆಯ ಕಡೆಗೇ ಮುಖಮಾಡಿಕೊಂಡು ತಮ್ಮ ಹೇಳಿದ. ಅವನೂ ಹಾಗೇ ಒಂದು ಸೇತುವೆ ದಾಟಿದ್ದ. ಸ್ಟ್ರೆಚರಿನ ಮುಂದಿನ ತುದಿ ಹಿಡಿದವನು ಬಿದ್ದ. ಇವನು ತನ್ನ ತುದಿಯನ್ನು ಮೆಲ್ಲಗೆ ಕೆಳಗಿಟ್ಟ. ಅದರಲ್ಲಿದ್ದವನು ಕಣ್ಣು ಬಿಟ್ಟು ನೋಡುತ್ತಿದ್ದ. "ನಾನು ನಡ್ಕೊಂಡು ಬಂದ್ಬಿಟ್ಟೆ ಚಿಕ್ಕಕ್ಕ. ನಿಲ್ಲೋಕೇ ಆಗಲಿಲ್ಲ." ರಜೆ ಗಿಜೆ ಏನೂ ಇಲ್ಲ.

ನಿನ್ನೆ ಸೈನ್ಯದ ಅಧಿಕಾರಿಯೊಬ್ಬ ಬಂದ. ಸೈನ್ಯಕ್ಕೆ ಆಳು ಸೇರಿಸುವ ಕಡೆಗಳಲ್ಲಿ ನಮ್ಮ ಆಟವನ್ನು ಇಡಿಸುವವನು. ನನ್ನ ಪಕ್ಕದಲ್ಲೇ ತಮ್ಮ ಇದ್ದ, ಹೊರಗೆ ಕಳಿಸಲು ದಾರಿಯಿರಲಿಲ್ಲ. ಅಧಿಕಾರಿ ಸೇತುವೆಯ ದೃಶ್ಯ ನೋಡಿ, "ಇದನ್ನ ಕೇಳಿದೋನು ಸೈನ್ಯಕ್ಕೆ ಸೇರ್ತಾನಾ? ಯಾರು ಆರಿಸಿದ್ದು?" ಎಂದ. ನಾನು ಬಾಯಿ ತೆರೆಯುವಷ್ಟರಲ್ಲಿ ಮಾಲೀಕ, "ಇವರ ತಮ್ಮ ಸಾರ್, ಡ್ರಮ್ ಬಾರಿಸ್ತಾರೆ" ಎಂದುಬಿಟ್ಟ. ಎಲ್ಲಿ ಬಾರಿಸುತ್ತಾನೆಂದು ಅಧಿಕಾರಿ ಕೇಳಿದ. ನಾಟಕ ಕಂಪನಿಯಲ್ಲಿ ಎಂದೆ. ಮೂಲೆಯ ಡ್ರಮ್ ತೋರಿಸಿ, ಬಾರಿಸು ಎಂದ.

ಸೈನ್ಯದವರು ಎಡಗೈಯ ಕೋಲನ್ನು ಅಂಗೈ ಮೇಲೆ ಮಾಡಿ ಹಿಡಿಯುತ್ತಾರೆ, ನೆನಪಿದೆಯಾ? ಅಧಿಕಾರಿಯ ಕಣ್ಣು ಆ ಕೈಯ ಮೇಲೇ ಇತ್ತು. ತಮ್ಮನೋ ಎರಡೂ ಕೋಲುಗಳನ್ನು ಬಡಿಗೆಯಂತೆ ಹಿಡಿದು ಬಾರಿಸಿದ. ಎಷ್ಟು ಕೆಟ್ಟದಾಗಿ ಬಾರಿಸಿದ ಅಂತೀಯಾ! ಅಧಿಕಾರಿ ಬಿದ್ದು ಬಿದ್ದು ನಕ್ಕ. ನಾವೂ ನಕ್ಕೆವು. ಊಟದ ತಟ್ಟೆ ಬಡಿದರೂ ತಾಳ ತಪ್ಪದ ನಮ್ಮ ತಮ್ಮ ಎಲ್ಲರಿಗಿಂತ ಜೋರಾಗಿ ನಕ್ಕ.

ಆದರೆ ಹೊರಡುವಾಗ ಅಧಿಕಾರಿ, "ನಾಳಿದ್ದು ಬರ್ತೀನಿ, ಗುಡುಗು ಇರಲಿ. ಈ ಡ್ರಮ್ಮಿನವನ ಗುರುತಿನ ಚೀಟಿನೂ ತರಿಸಿಡಿ, ಬ್ಯಾಂಡಿಗೆ ಜನ ಕಮ್ಮಿ, ಕಲಿಸ್ಕೋತೀವಿ" ಎಂದ. ಅವನು ಮೆಟ್ಟಿಲಿಳಿದ ಮೇಲೆ ನಾನು ತಮ್ಮನ ಸಂಗೀತವನ್ನು ತೆಗೆದು ಗುಡುಗನ್ನು ಹಾಕಿದೆ. ತಮ್ಮನೂ ಪಕ್ಕದಲ್ಲೇ ನಿಂತು ನೋಡಿದ.

ಸೈನ್ಯದ ಕಾಗದಗಳಲ್ಲಿ ಅವನ ವಿಳಾಸವೆಂದು ಇರುವುದು ನನ್ನ ಮನೆ. ನಿನ್ನ ಹೆಸರು ಎಲ್ಲೂ ಇಲ್ಲ. ಅವನಿಗೆ ಸ್ವಲ್ಪ ದಿನ ಒಂದು ಕೋಣೆ ಬೇಕು. ಭಾವ ವಾಪಸ್ಸು ಬರಲಿಲ್ಲ, ಇವನು ಬಂದಿದ್ದಾನೆ. ಇದನ್ನು ನೀನು ಹೇಗೆ ನೋಡುತ್ತೀಯೋ ನನಗೆ ತಿಳಿಯದು. ಬೇಡ ಎಂದರೂ ನಿನ್ನ ಮೇಲೆ ನನಗೆ ಬೇಸರವಿಲ್ಲ.

ನಿನ್ನ ಬೆನ್ನಿಗೆ ಹುಟ್ಟಿದ,
ಚಿಕ್ಕವಳು

ಮರೆತಿದ್ದೆ: ಈ ಕಾಗದವನ್ನು ನಿನ್ನ ಶಾಲೆಯ ಗೇಟಿನಲ್ಲಿ ಕೊಟ್ಟುಹೋದವನು ಅವನೇ. ಎದುರಿನ ಬಸ್ ನಿಲ್ದಾಣದಲ್ಲಿ ಕೂತಿರುತ್ತಾನೆ. ಹೆಸರು ಹಿಡಿದು ಕೂಗಬೇಡ. ನೀನು ಏನನ್ನುತ್ತೀಯೋ ಎಂದು ಅವನು ಹೆದರಿಕೊಂಡೇನೂ ಕೂತಿರುವುದಿಲ್ಲ. "ದೊಡ್ಡಕ್ಕ ಆಗಲೇ ಒಪ್ಪಿದ್ದಾಳೆ, ನಿನ್ನ ದಾರಿ ಕಾಯುತ್ತಿದ್ದಾಳೆ" ಎಂದೇ ಅವನಿಗೆ ನಾನು ಹೇಳಿ ಕಳಿಸಿದ್ದೇನೆ.