ಸೊಸೆ ಸೋಸಿದ ನೀರು

೧೨ ಮಾರ್ಚ್ ೧೯೯೮, ಗುರುವಾರ, ಶ್ರೀರಂಗಪಟ್ಟಣ

ಸೊಸೆ ವೈದೇಹಿಯ ಪೊರೆ ಇವತ್ತೂ ಹರಿದರೆ ಅವಳ ಸಂಶೋಧನೆಗೇ ಮಂಗಳ ಎಂದು ಬೆಳಗಿನಿಂದ ನಾನು ಕೊರಗಿದ್ದೇ ಕೊರಗಿದ್ದು. ಕೂದಲಿಗಿಂತ ನೂರು ಪಟ್ಟು ಸಣ್ಣ ಎಳೆಗಳನ್ನು ಕರೆಂಟಿನಲ್ಲಿ ನೂತು ಮಾಡಿದ ಹಾಳೆ ಅದು. ನೀಲಿ ಬಣ್ಣದ ನೀರು ಸುರಿದರೆ ಬಣ್ಣವನ್ನು ತಾನಿಟ್ಟುಕೊಂಡು ನೀರನ್ನಷ್ಟೇ ಬಿಡಬೇಕು.

"ಕಾಫಿ ಸೋಸಕ್ಕೆ ಒಂದು ತುಂಡು ಕೊಡೇ" ಎಂದು ನನ್ನಾಕೆ ಕೇಳಿದ್ದಳು. "ಸೋಸದಿದ್ರೆ ಸೊಸೆ ಹೇಗಾಗ್ತೀಯಮ್ಮ" ಎಂದು ನಾನೂ ರೇಗಿಸಿದ್ದೆ.

ಸಂಜೆ ವೈದೇಹಿ ಲ್ಯಾಬಿನಿಂದ ತಿಳಿನೀರಿನ ಸೀಸೆ ಹಿಡಿದು ಬಂದಳು. "ಹರೀಲಿಲ್ಲ ಮಾವ! ನೀಲಿಯೆಲ್ಲಾ ಅಲ್ಲೇ ನಿಂತ್ಕೊಳ್ತು. ಪೊರೆ ಅಂದ್ರೆ ಕಾಪಾಡು ಅಂತಲೂ ಅರ್ಥ, ನಮ್ಮ ಮಾವ ಹೇಳ್ಕೊಟ್ಟಿದ್ದು ಅಂತ ಗೈಡಿಗೂ ಹೇಳ್ದೆ."

ಮೂವತ್ತು ವರ್ಷ ಹಳಗನ್ನಡ ಪಾಠ ಮಾಡಿದೆ. ಅದು ಲ್ಯಾಬಿನೊಳಕ್ಕೆ ಕಾಲಿಟ್ಟದ್ದು ಇವತ್ತೇ.

ನನ್ನಾಕೆ ಸೀಸೆಗೆ ಕುಂಕುಮವಿಟ್ಟು ದೇವರ ಮುಂದಿಟ್ಟಿದ್ದಾಳೆ. ಯಾರಾದರೂ ತೀರ್ಥವೆಂದು ಕುಡಿದುಬಿಟ್ಟಾರೆಂದು ನಾನು ಕಾವಲು ಕೂತಿದ್ದೇನೆ, ಅದನ್ನೇ ಮತ್ತೆ ಮತ್ತೆ ನೋಡುತ್ತ...